ಬೆಳಗಾವಿಯನ್ನು ಹುಡುಕುವ ಬಗೆ: ಕಾನೂನು ಭಂಡಾರ ಮತ್ತು ಒಂದು ಜಿಲ್ಲೆಯ ಚರಿತ್ರೆ

ನ್ಯಾಯಾಲಯಗಳ ತೀರ್ಪುಗಳನ್ನು ಸಂಗ್ರಹಿಸಿಟ್ಟಿರುವ ಯಾವುದಾದರೊಂದು ಗಣಕಯಂತ್ರ ಭಂಡಾರವನ್ನು ತೆರೆದು, ಹುಡುಕುವ ಚೌಕದಲ್ಲಿ ‘ಬೆಳಗಾವಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿ. ಬರುವ ತೀರ್ಪುಗಳಲ್ಲಿ ಬಹುಪಾಲು 2014ರ ನಂತರದವು. ಕೋಟೆಯೊಳಗಿನ ಕಮಲ ಬಸದಿಗೇ ಎಂಟುನೂರು ವರ್ಷ ದಾಟಿರುವಾಗ, ಅದಕ್ಕೂ ಮೊದಲು ಈ ಊರಿನವರು ಯಾರೂ ಕೋರ್ಟಿನ ಮೆಟ್ಟಿಲು ಹತ್ತಿರಲಿಲ್ಲವೇ? ಹತ್ತಿದ್ದರು, ಧಾರಾಳವಾಗಿ ಹತ್ತಿದ್ದರು. ಆದರೆ 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರು ಅಧಿಕೃತವಾಗಿ ಬದಲಾಗುವವರೆಗೆ ಇಂಗ್ಲಿಷ್ ಕಾಗದಗಳಲ್ಲಿ ಈ ಊರು ‘ಬೆಲ್‌ಗಾಮ್’ ಆಗಿತ್ತು. ಎರಡೂ ಒಂದೇ ಊರು ಎಂಬುದು ನಿಮಗೆ ಗೊತ್ತು, ನನಗೆ ಗೊತ್ತು. ಯಂತ್ರಕ್ಕೆ ಗೊತ್ತಿರುವುದು ಅಕ್ಷರಗಳು ಮಾತ್ರ.

ಮುದ್ರಿತ ಪುಸ್ತಕಗಳ ಕಾಲದಲ್ಲಿ ಈ ತೊಡಕು ಇಷ್ಟು ಕಾಡುತ್ತಿರಲಿಲ್ಲ. 1876ರಲ್ಲಿ ಆರಂಭವಾದ ಇಂಡಿಯನ್ ಲಾ ರಿಪೋರ್ಟ್ಸ್‌ನ ಮುಂಬಯಿ ಮಾಲೆ, 1899ರ ಬಾಂಬೆ ಲಾ ರಿಪೋರ್ಟರ್, ನಾಗಪುರದಿಂದ ಬರುವ ಆಲ್ ಇಂಡಿಯಾ ರಿಪೋರ್ಟರ್ ಇವೆಲ್ಲಕ್ಕೂ ಡೈಜೆಸ್ಟ್ ಎಂಬ ದಪ್ಪ ಸೂಚಿಗಳಿದ್ದವು. ಅದನ್ನು ಸಿದ್ಧಪಡಿಸುವವನು ಕಾನೂನು ಬಲ್ಲ ಮನುಷ್ಯ. ಒಬ್ಬ ನ್ಯಾಯಾಧೀಶರು ‘ವತನ್’ ಎಂದು ‘ಡಬ್ಲ್ಯು’ ಅಕ್ಷರದಿಂದ ಬರೆದಿರಲಿ, ಇನ್ನೊಬ್ಬರು ‘ವಿ’ ಅಕ್ಷರದಿಂದ ಬರೆದಿರಲಿ, ಅವನು ಎರಡನ್ನೂ ಒಂದೇ ತಲೆಬರಹದ ಕೆಳಗೆ ತರುತ್ತಿದ್ದ. 1939ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ ಮೊದಲ ವರ್ಷಗಳಲ್ಲಿ ಓದಿದವರು ಹುಡುಕುವ ವಿದ್ಯೆಯನ್ನು ಕಲಿತದ್ದು ಇಂಥ ಸೂಚಿಗಳ ಮೂಲಕವೇ. ನಿಧಾನದ ಕೆಲಸ, ಬೆರಳಿಗೆ ಧೂಳು. ಆದರೆ ಸೂಚಿಕಾರನ ತಿಳಿವಳಿಕೆ ನಿಮ್ಮ ಬೆನ್ನಿಗಿರುತ್ತಿತ್ತು.

ಆ ಸೂಚಿಕಾರನನ್ನು ಬದಿಗೆ ಸರಿಸಿದ ಪ್ರಸಂಗ ನಡೆದದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಅದೂ ಒಂದು ಹೆಸರು ಬದಲಾವಣೆಯ ನಿಮಿತ್ತದಿಂದ. 1950ರ ದಶಕದ ಕೊನೆಗೆ ಅಲ್ಲಿನ ಶಾಸನಗಳಲ್ಲಿ ಬುದ್ಧಿಮಾಂದ್ಯ ಮಕ್ಕಳಿಗೆ ಬಳಸುತ್ತಿದ್ದ ನೋವುಂಟುಮಾಡುವ ಪದವನ್ನು ತೆಗೆದು ಗೌರವದ ಪದವೊಂದನ್ನು ಹಾಕಬೇಕಾಯಿತು. ಹಳೆಯ ಪದ ಯಾವ ಯಾವ ಕಾಯ್ದೆಯ ಯಾವ ಮೂಲೆಯಲ್ಲಿದೆ ಎಂದು ಹುಡುಕಲು ವಿದ್ಯಾರ್ಥಿಗಳನ್ನು ಕೂರಿಸಿ ಓದಿಸಿದರು. ಎಷ್ಟು ಓದಿಸಿದರೂ ಒಂದಿಷ್ಟು ಕಣ್ಣುತಪ್ಪಿ ಉಳಿಯಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜಾನ್ ಹಾರ್ಟಿ ಎಂಬ ವಕೀಲರು ಶಾಸನಗಳ ಇಡೀ ಪಠ್ಯವನ್ನೇ ರಂಧ್ರ ಹೊಡೆದ ಕಾರ್ಡುಗಳ ಮೂಲಕ ಗಣಕಯಂತ್ರಕ್ಕೆ ಉಣಿಸಿ, ಪದ ಎಲ್ಲೆಲ್ಲಿದೆ ಎಂಬುದನ್ನು ಯಂತ್ರದಿಂದಲೇ ಹೇಳಿಸಿದರು. 1960ರಲ್ಲಿ ಅಮೆರಿಕದ ವಕೀಲರ ಸಂಘದ ಸಭೆಯಲ್ಲಿ ಅದರ ಪ್ರದರ್ಶನವೂ ಆಯಿತು. 1973ರಲ್ಲಿ ಲೆಕ್ಸಿಸ್ ಎಂಬ ವ್ಯಾಪಾರಿ ಭಂಡಾರ ಬಂತು, ಎರಡು ವರ್ಷದಲ್ಲಿ ವೆಸ್ಟ್‌ಲಾ ಬಂತು. ನಮ್ಮಲ್ಲಿ ಮೊದಲು ಸಿ.ಡಿ.ಗಳು, ಆಮೇಲೆ ಚಂದಾ ಕಟ್ಟಿ ನೋಡುವ ತಾಣಗಳು, 2008ರಲ್ಲಿ ಹಣ ಕೊಡದೆ ಹುಡುಕಬಹುದಾದ ಇಂಡಿಯನ್ ಕಾನೂನ್, 2023ರ ಜನವರಿಯಲ್ಲಿ ಸುಮಾರು 34,000 ತೀರ್ಪುಗಳೊಂದಿಗೆ ಸುಪ್ರೀಂ ಕೋರ್ಟಿನದೇ ಆದ ಇ-ಎಸ್‌ಸಿಆರ್ ಬಂದವು.

ಈ ಎಲ್ಲ ಭಂಡಾರಗಳ ಹೊಟ್ಟೆಯೊಳಗಿರುವುದು ಒಬ್ಬ ಗಣಿತಜ್ಞನ ತರ್ಕ. ಜಾರ್ಜ್ ಬೂಲ್ 1854ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಮತ್ತು’, ‘ಅಥವಾ’, ‘ಅಲ್ಲ’ ಎಂಬ ಮೂರು ಪದಗಳನ್ನು ಬೀಜಗಣಿತದ ಚಿಹ್ನೆಗಳ ಹಾಗೆ ನಡೆಸಿ ತೋರಿಸಿದ. ವಿಜ್ಞಾನ ಓದಿದ ನಮ್ಮಂಥವರು ಇವನ್ನು ವಿದ್ಯುನ್ಮಂಡಲದ ಗೇಟುಗಳೆಂದು ಕಲಿತು ಪರೀಕ್ಷೆ ಬರೆದು ಮರೆತಿದ್ದೇವೆ. ವಕೀಲರಿಗೆ ಅವು ಹುಡುಕಾಟದ ಕೊಂಡಿಗಳು. ‘ಮತ್ತು’ ಎಂದರೆ ಎರಡೂ ಪದವಿರುವ ತೀರ್ಪು ಮಾತ್ರ, ಫಲ ಕಿರಿದಾಗುತ್ತದೆ. ‘ಅಥವಾ’ ಎಂದರೆ ಯಾವುದೊಂದಿದ್ದರೂ ಸರಿ, ಫಲ ಹಿಗ್ಗುತ್ತದೆ. ‘ಅಲ್ಲ’ ಎಂದರೆ ಆ ಪದವಿರುವುದನ್ನು ತಳ್ಳಿಹಾಕು. ಇವುಗಳ ಜೊತೆಗೆ, ಪದಗಳನ್ನು ಅದೇ ಕ್ರಮದಲ್ಲಿ ಹುಡುಕಿಸುವ ಉದ್ಧರಣ ಚಿಹ್ನೆ, ಒಂದು ಪದದಿಂದ ಇಷ್ಟೇ ಪದಗಳ ಅಂತರದಲ್ಲಿ ಇನ್ನೊಂದಿರಬೇಕೆಂಬ ಸಾಮೀಪ್ಯದ ಕೊಂಡಿ, ಪದದ ಬಾಲವನ್ನು ಬಿಟ್ಟು ಹುಡುಕುವ ನಕ್ಷತ್ರ ಚಿಹ್ನೆ. ಚಿಹ್ನೆಗಳು ಭಂಡಾರದಿಂದ ಭಂಡಾರಕ್ಕೆ ಬೇರೆ. ಇಂಡಿಯನ್ ಕಾನೂನ್‌ನಲ್ಲಿ ‘ಆ್ಯಂಡ್’, ‘ಆರ್’, ‘ನಾಟ್’ ಎಂಬ ಇಂಗ್ಲಿಷ್ ಪದಗಳ ಕೊನೆಯ ಅಕ್ಷರವನ್ನು ಇಮ್ಮಡಿಸಿ, ದೊಡ್ಡಕ್ಷರದಲ್ಲೇ ಬರೆಯಬೇಕು. ಇದು ವಿಚಿತ್ರವಾಗಿ ಕಂಡರೂ ಉಪಯೋಗವಿದೆ: ತೀರ್ಪಿನ ಪ್ರತಿ ಸಾಲಿನಲ್ಲೂ ಇರುವ ಸಾಮಾನ್ಯ ‘ಆ್ಯಂಡ್’ ಬೇರೆ, ನೀವು ಯಂತ್ರಕ್ಕೆ ಕೊಡುವ ಅಪ್ಪಣೆ ಬೇರೆ ಎಂದು ಅದರಿಂದ ಸ್ಪಷ್ಟವಾಗುತ್ತದೆ. ‘ಮತ್ತು’, ‘ಅಥವಾ’ ಎರಡೂ ಒಂದೇ ಸಾಲಿನಲ್ಲಿ ಬಂದರೆ ಆವರಣ ಹಾಕುವುದನ್ನು ಮರೆಯಬೇಡಿ. ಲೆಕ್ಕದಲ್ಲಿ ಕೂಡುವುದಕ್ಕೂ ಗುಣಿಸುವುದಕ್ಕೂ ಆವರಣ ಬೇಕಾಗುವ ಹಾಗೆಯೇ ಇದು.

ಇಷ್ಟನ್ನು ಹತ್ತು ನಿಮಿಷದಲ್ಲಿ ಕಲಿಯಬಹುದು. ಆದರೆ ‘ಅಥವಾ’ದ ಎರಡು ಬದಿಗಳಲ್ಲಿ ಯಾವ ಪದಗಳನ್ನು ಇಡಬೇಕು ಎಂಬುದನ್ನು ಯಾವ ಕೈಪಿಡಿಯೂ ಹೇಳಿಕೊಡುವುದಿಲ್ಲ. ಹಿಂದೆ ಸೂಚಿಕಾರ ಮಾಡುತ್ತಿದ್ದ ಆ ಕೆಲಸ ಈಗ ನಿಮ್ಮ ಹೆಗಲಿಗೆ ಬಂದಿದೆ. ಅದಕ್ಕೆ ಬೇಕಾದ ಸಾಮಗ್ರಿ ಕಂಪ್ಯೂಟರ್ ವಿದ್ಯೆಯಲ್ಲ. ಆ ಸೀಮೆಯ ಚರಿತ್ರೆ. ಬೆಳಗಾವಿ ಮತ್ತು ಖಾನಾಪುರದ ಉದಾಹರಣೆಯಿಂದಲೇ ಇದನ್ನು ನೋಡೋಣ.

ಪೇಶ್ವೆಗಳಿಂದ 1818ರಲ್ಲಿ ಕಂಪನಿ ಸರಕಾರದ ಕೈಗೆ ಬಂದ ಈ ಪ್ರದೇಶ ಮೊದಲು ಧಾರವಾಡದ ಕಲೆಕ್ಟರಿಗೆ ಸೇರಿತ್ತು. 1836ರಲ್ಲಿ ಬೇರೆ ಜಿಲ್ಲೆಯಾಯಿತು. ಅಂದಮೇಲೆ ಅದಕ್ಕೂ ಹಿಂದಿನ ಸಂಗತಿಗೆ ಧಾರವಾಡದ ಹೆಸರಿನಲ್ಲೇ ಹುಡುಕಬೇಕು. ಆ ಧಾರವಾಡವೂ ಹಳೆಯ ಇಂಗ್ಲಿಷಿನಲ್ಲಿ ‘ಡಿ’ ಅಕ್ಷರದಿಂದಲ್ಲ, ‘ಆರ್’ ಅಕ್ಷರದಿಂದ ಮುಗಿಯುತ್ತಿತ್ತು. 1862ರಿಂದ ಬೆಳಗಾವಿಯ ಮೇಲ್ಮನವಿಗಳು ಹೋದದ್ದು ಮುಂಬಯಿ ಹೈಕೋರ್ಟಿಗೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಮೈಸೂರು ಹೈಕೋರ್ಟು ಬಂತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಬದಲಾದಾಗ ಅದೇ ನ್ಯಾಯಾಲಯ ಕರ್ನಾಟಕ ಹೈಕೋರ್ಟು ಆಯಿತು. 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಶುರುವಾಯಿತು. 2013ರಲ್ಲಿ ಅದು ಕಾಯಂ ಆಯಿತು. ಖಾನಾಪುರದ ಒಂದೇ ಹೊಲದ ಮೇಲೆ ಅಜ್ಜ, ಅಪ್ಪ, ಮೊಮ್ಮಗ ಮೂವರೂ ದಾವೆ ಹೂಡಿದ್ದರೆ ಮೂರು ಹೈಕೋರ್ಟುಗಳ ಹೆಸರಿನಲ್ಲಿ ಹುಡುಕಬೇಕಾಗುತ್ತದೆ. ‘ಕರ್ನಾಟಕ ಹೈಕೋರ್ಟು ಮಾತ್ರ’ ಎಂಬ ಚೌಕಕ್ಕೆ ಗುರುತು ಹಾಕಿ ಕುಳಿತ ವಕೀಲರಿಗೆ ಅಜ್ಜನ ಗೆಲುವು ಕಾಣುವುದೇ ಇಲ್ಲ.

ನಿಮ್ಮ ಮನೆಯ ಜಮೀನು ನಂದಗಡದ ಕಡೆಯ ವತನು ಜಮೀನು ಎಂದಿಟ್ಟುಕೊಳ್ಳಿ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ಊರು ಎಂದರೆ ಎಲ್ಲರಿಗೂ ಗುರುತು ಹತ್ತುತ್ತದೆ. ಅಂಥ ಊರಿನ ಹೆಸರನ್ನೂ ಇಂಗ್ಲಿಷಿನಲ್ಲಿ ಎರಡು ಬಗೆಯಾಗಿ ಬರೆಯುತ್ತಾರೆ, ನಡುವೆ ಒಂದು ‘ಎ’ ಇದ್ದು ಮತ್ತು ಇಲ್ಲದೆ. ಈ ಜಮೀನಿಗೆ ಯಾವ ಕಾಯ್ದೆ? 1874ರ ಬಾಂಬೆ ಹೆರಿಡಿಟರಿ ಆಫೀಸಸ್ ಆ್ಯಕ್ಟ್ ಇದೆ. ಆಡುಮಾತಿನಲ್ಲಿ ವತನ್ ಆ್ಯಕ್ಟ್. ಪರಗಣಾ ಮತ್ತು ಕುಲಕರ್ಣಿ ವತನುಗಳನ್ನು ರದ್ದುಮಾಡಿದ 1950ರ ಮುಂಬಯಿ ಕಾಯ್ದೆ ಇದೆ. ಗೇಣಿದಾರನಿದ್ದರೆ 1948ರ ಬಾಂಬೆ ಟೆನೆನ್ಸಿ ಕಾಯ್ದೆ. 1956ರಲ್ಲಿ ರಾಜ್ಯ ಬದಲಾದರೂ ಕಾಯ್ದೆ ಬದಲಾಗಲಿಲ್ಲ. ಪುನರ್ವಿಂಗಡಣಾ ಕಾಯ್ದೆಯ 119ನೇ ಕಲಮು ಹಳೆಯ ಕಾನೂನುಗಳು ಆಯಾ ಪ್ರದೇಶದಲ್ಲಿ ಮುಂದುವರಿಯುತ್ತವೆ ಎಂದಿತು. ಹೀಗಾಗಿ ಮೈಸೂರು ಹೈಕೋರ್ಟು ಕುಳಿತು ಮುಂಬಯಿ ಕಾಯ್ದೆಗೆ ಅರ್ಥ ಹೇಳಿದ ಕಾಲವೊಂದಿತ್ತು. 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅದರ ಹೆಸರಿನಲ್ಲಿ 1973ರವರೆಗೆ ‘ಮೈಸೂರು’, ಆಮೇಲೆ ‘ಕರ್ನಾಟಕ’. 1961ರದೇ ಗ್ರಾಮ ಅಧಿಕಾರ ರದ್ದತಿ ಕಾಯ್ದೆಗೂ ಇದೇ ಗತಿ.

ಆದ್ದರಿಂದ ಹುಡುಕುವ ಸಾಲನ್ನು ಹೀಗೆ ಕಟ್ಟಬೇಕು: ಮೊದಲ ಆವರಣದಲ್ಲಿ ಬೆಲ್‌ಗಾಮ್ ಅಥವಾ ಬೆಳಗಾವಿ ಅಥವಾ ಖಾನಾಪುರ, ‘ಮತ್ತು’, ಎರಡನೆಯ ಆವರಣದಲ್ಲಿ ಎರಡೂ ಕಾಗುಣಿತದ ವತನ್, ಜೊತೆಗೆ ಇನಾಮ್, ‘ಮತ್ತು’, ಮೂರನೆಯದರಲ್ಲಿ ಕಾಯ್ದೆಗಳ ಹೆಸರಿನ ತುಣುಕುಗಳು, ಒಂದೊಂದೂ ಉದ್ಧರಣ ಚಿಹ್ನೆಯೊಳಗೆ. ಹತ್ತೊಂಬತ್ತನೆಯ ಶತಮಾನದ ಕಾಗದಗಳಿಗಿಳಿದರೆ ವತನು ‘ವುಟ್ಟುನ್’ ಎಂಬಂಥ ವೇಷದಲ್ಲೂ ಸಿಕ್ಕೀತು. ದಾಖಲೆಗಳ ಹೆಸರೂ ಅಷ್ಟೆ. ಹಳೆಯ ಮೈಸೂರಿನ ಕಡೆ ಪಹಣಿ ಎನ್ನುವುದು ಬೆಳಗಾವಿಯವರ ಬಾಯಲ್ಲಿ ಉತಾರ. ಮುಂಬಯಿ ತೀರ್ಪಿನಲ್ಲಿ ‘ಏಳು-ಹನ್ನೆರಡು’ ನಮೂನೆಯಾಗಿ ಬಂದದ್ದು ಬೆಂಗಳೂರಿನ ತೀರ್ಪಿನಲ್ಲಿ ಆರ್.ಟಿ.ಸಿ. ಆಗುತ್ತದೆ.

ಕಕ್ಷಿದಾರರ ಹೆಸರಿನಿಂದ ಹುಡುಕುವವರಿಗೆ ಒಂದು ಮಾತು. ಮುಂಬಯಿ ಕಾಲದ ವರದಿಗಳಲ್ಲಿ ನಮ್ಮ ಸೀಮೆಯ ಹೆಸರುಗಳ ನಡುವೆ ‘ಬಿನ್’ ಮತ್ತು ‘ಕೋಂ’ ಇರುತ್ತವೆ: ಬಸಪ್ಪ ಬಿನ್ ಮಲ್ಲಪ್ಪ, ಗಂಗವ್ವ ಕೋಂ ಬಸಪ್ಪ. ಮಗ, ಹೆಂಡತಿ ಎಂದು ಅರ್ಥ. ನೀವು ‘ಬಸಪ್ಪ ಮಲ್ಲಪ್ಪ’ ಎಂದು ಉದ್ಧರಣ ಚಿಹ್ನೆ ಹಾಕಿ ಹುಡುಕಿದರೆ ಆ ‘ಬಿನ್’ ಅಡ್ಡ ನಿಂತು ತೀರ್ಪು ಬಾರದು. ಇಲ್ಲಿ ಸಾಮೀಪ್ಯದ ಕೊಂಡಿಯೇ ಸರಿ. ಎರಡು ಹೆಸರು ಮೂರು ಪದಗಳ ಅಂತರದಲ್ಲಿರಲಿ ಎಂದು ಕೇಳಿದರೆ ಸಾಕು. ಹಳೆಯ ಪುಸ್ತಕಗಳನ್ನು ಯಂತ್ರಕ್ಕೆ ಓದಿಸುವಾಗ ಆಗಿರುವ ಅಕ್ಷರದೋಷಗಳೂ ಇವೆ. ಸವೆದ ಮುದ್ರಣದ ‘ಎಂ’ ಅಕ್ಷರವನ್ನು ‘ಆರ್’, ‘ಎನ್’ ಎಂಬ ಎರಡು ಅಕ್ಷರಗಳಾಗಿ ಓದುವುದು ಅದರ ಹಳೆಯ ಚಾಳಿ. ‘ಬೆಲ್‌ಗಾಮ್’ ಎಂಬುದು ‘ಎಂ’ನಲ್ಲೇ ಮುಗಿಯುತ್ತದೆ ಎಂಬುದನ್ನು ನೆನಪಿಡಿ.

ಇನ್ನು ಮೂರನೆಯ ಕೊಂಡಿ, ‘ಅಲ್ಲ’. ನನ್ನ ಅಭಿಪ್ರಾಯದಲ್ಲಿ ಇದರಷ್ಟು ಅಪಾಯಕಾರಿ ಬೇರೊಂದಿಲ್ಲ. ಖಾನಾಪುರ ಎಂದು ಹುಡುಕಿದರೆ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ವ್ಯಾಜ್ಯಗಳೂ ಬರುತ್ತವೆ. ಬೇಸರವಾಗಿ ‘ಸಾಂಗಲಿ ಅಲ್ಲ’ ಎಂದು ಅಪ್ಪಣೆ ಕೊಡುತ್ತೀರಿ. ಕ್ಷಣದಲ್ಲಿ ಪಟ್ಟಿ ಚೊಕ್ಕವಾಗುತ್ತದೆ, ಮನಸ್ಸಿಗೂ ಸಮಾಧಾನ. ಆದರೆ ಇಂದು ಬೆಳಗಾವಿ ನಗರದೊಳಗೇ ಇರುವ, ನೇಕಾರಿಕೆಗೆ ಹೆಸರಾದ ಶಹಾಪುರ 1948ರವರೆಗೆ ಬ್ರಿಟಿಷ್ ಜಿಲ್ಲೆಗೆ ಸೇರಿರಲಿಲ್ಲ. ಅದು ಸಾಂಗಲಿ ಸಂಸ್ಥಾನದ್ದು. ಬೆಳಗಾವಿ ಪೇಟೆಯಿಂದ ನಡೆದುಕೊಂಡೇ ಇನ್ನೊಂದು ರಾಜ್ಯಕ್ಕೆ ಹೋಗಬಹುದಾಗಿದ್ದ ಕಾಲ ಅದು. ಶಹಾಪುರದ ಮನೆ, ಅಂಗಡಿ, ಇನಾಮುಗಳ ಮೂಲ ಹೇಳುವ ತೀರ್ಪಿನಲ್ಲಿ ಸಾಂಗಲಿಯ ಹೆಸರು ಬಾರದೆ ಇರುವುದು ಕಷ್ಟ. ನಿಮ್ಮ ಕಕ್ಷಿದಾರನಿಗೆ ಖಾನಾಪುರದಲ್ಲಿ ಹೊಲ, ಶಹಾಪುರದಲ್ಲಿ ಮನೆ ಇದ್ದು, ಎರಡೂ ಒಂದೇ ಪಾಲಿನ ದಾವೆಯಲ್ಲಿ ಬಂದಿದ್ದರೆ, ನಿಮಗೆ ಬೇಕಾದ ತೀರ್ಪನ್ನು ನೀವೇ ಕೈಯಾರೆ ಹೊರಗೆ ಹಾಕಿದಂತಾಯಿತು. ಯಂತ್ರ ‘ಇಂಥದ್ದನ್ನು ಬಿಟ್ಟಿದ್ದೇನೆ’ ಎಂದು ಹೇಳುವುದಿಲ್ಲ. ಗಡಿ ಸೀಮೆಯಲ್ಲಿ ‘ಅಲ್ಲ’ ಬಳಸುವುದಕ್ಕಿಂತ ‘ಮತ್ತು’ ಸೇರಿಸುವುದು ಲೇಸು: ಖಾನಾಪುರದ ಜೊತೆಗೆ ನಂದಗಡ, ಜಾಂಬೋಟಿ, ಲೋಂಡಾ, ಕಣಕುಂಬಿ ಮುಂತಾದ ಊರುಗಳನ್ನು ‘ಅಥವಾ’ದಿಂದ ಪೋಣಿಸಿ ಆವರಣದಲ್ಲಿಟ್ಟರೆ ಸಾಂಗಲಿಯ ಖಾನಾಪುರ ತಾನಾಗಿ ಹಿಂದೆ ಸರಿಯುತ್ತದೆ.

ಕಣಕುಂಬಿಯ ಹೆಸರು ಬಂತು. ನೀರಿನ ಮಾತಿಗೆ ಬರೋಣ. ಈ ಊರಿನಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿಯುತ್ತಾಳೆ. ಅದೇ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ, ಗೋವೆಗೆ. ಮಹದಾಯಿಗೆ ಸೇರುವ ಕಳಸಾ ಮತ್ತು ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಹುಬ್ಬಳ್ಳಿ-ಧಾರವಾಡ ಮೊದಲಾದ ಊರುಗಳಿಗೆ ಕುಡಿಯಲು ಕೊಡುವ ಯೋಜನೆಯ ವ್ಯಾಜ್ಯ ನಿಮಗೆ ಗೊತ್ತೇ ಇದೆ. 2010ರ ನವೆಂಬರಿನಲ್ಲಿ ನ್ಯಾಯಮಂಡಳಿ ರಚನೆಯಾಯಿತು. 2018ರ ಆಗಸ್ಟ್ 14ರಂದು ಅದು ಕರ್ನಾಟಕಕ್ಕೆ 13.42, ಮಹಾರಾಷ್ಟ್ರಕ್ಕೆ 1.33, ಗೋವೆಗೆ 24 ಟಿ.ಎಂ.ಸಿ. ಎಂದು ತೀರ್ಪಿತ್ತಿತು. 2020ರ ಫೆಬ್ರುವರಿ 27ರಂದು ಕೇಂದ್ರ ಅದನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿತು.

ಈಗ ಹೆಸರುಗಳನ್ನು ನೋಡಿ. ನಮಗೆ ಮಹದಾಯಿ. ಗೋವೆಯವರಿಗೆ ಮ್ಹಾದೆಯಿ, ಅವರ ಅಭಯಾರಣ್ಯದ ಹೆಸರೂ ಅದೇ. ಕೆಳಗೆ ಹರಿದಂತೆ ಅದೇ ನದಿ ಮಾಂಡೋವಿ. ನಾವು ಬಂಡೂರಿ ಎನ್ನುವುದನ್ನು ಇಂಗ್ಲಿಷ್ ದಾಖಲೆಗಳು ಹೆಚ್ಚಾಗಿ ‘ಭಂಡುರಾ’ ಎನ್ನುತ್ತವೆ. ಕಳಸಾದ ನಡುವಿನ ‘ಎ’ ಅಕ್ಷರ ಕೆಲವು ಕಡೆ ಇರುತ್ತದೆ, ಕೆಲವು ಕಡೆ ಇರುವುದಿಲ್ಲ. ಈ ವ್ಯತ್ಯಾಸ ಬರಿಯ ಕಾಗುಣಿತದ್ದಲ್ಲ. ಯಾರು ಬರೆದರು ಎಂಬುದು ಅದರಲ್ಲೇ ಅಡಗಿದೆ. ಒಂದೇ ಹೆಸರಿನಿಂದ ಹುಡುಕಿದವನ ಮುಂದೆ ಒಂದೇ ಪಕ್ಷದ ವಾದ ರಾಶಿ ಬೀಳುತ್ತದೆ. ಎದುರು ಪಕ್ಷದ ವಾದವೇ ಇಲ್ಲವೆಂದು ಅವನು ನಂಬಿ ಕೂರುತ್ತಾನೆ.

ಇದು ನನ್ನ ಊಹೆಯಲ್ಲ. 1985ರಲ್ಲಿ ಬ್ಲೇರ್ ಮತ್ತು ಮರೋನ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಅಮೆರಿಕದ ರೈಲು ಅಪಘಾತವೊಂದರ ಮೊಕದ್ದಮೆಗೆ ಸಂಬಂಧಿಸಿದ ಸುಮಾರು 40,000 ದಾಖಲೆಗಳನ್ನು ವಕೀಲರು ಪದಗಳಿಂದ ಹುಡುಕಿಸಿದ್ದರು. ಬೇಕಾದುದರಲ್ಲಿ ನೂರಕ್ಕೆ 75 ಭಾಗ ಸಿಕ್ಕಿದೆ ಎಂದು ಅವರ ನಂಬಿಕೆ. ಅಳೆದು ನೋಡಿದಾಗ ಸಿಕ್ಕಿದ್ದು ನೂರಕ್ಕೆ 20ರಷ್ಟು ಮಾತ್ರ. ಕಾರಣಗಳಲ್ಲೊಂದು ಬಹಳ ಸರಳ. ನೊಂದವರು ‘ಅಪಘಾತ’ ಎಂದು ಬರೆದಿದ್ದರೆ, ಹೊಣೆ ಹೊರಬೇಕಾದವರು ತಮ್ಮ ಪತ್ರಗಳಲ್ಲಿ ‘ದುರದೃಷ್ಟಕರ ಪರಿಸ್ಥಿತಿ’ ಎಂಬಂಥ ಮಾತು ಬಳಸಿದ್ದರು. ಮಹದಾಯಿ-ಮ್ಹಾದೆಯಿಗಳ ಕಥೆಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಈಗ ಪ್ರಶ್ನೆ ಕೇಳಿದರೆ ಪೂರ್ಣ ವಾಕ್ಯದಲ್ಲಿ ಉತ್ತರಿಸುವ ಯಂತ್ರಗಳು ಬಂದಿವೆ, ಈ ಆವರಣ-ಕೊಂಡಿಗಳ ಗೊಡವೆ ಯಾಕೆ ಎಂದು ಕೆಲವರು ಕೇಳಬಹುದು. ಅಂಥ ಯಂತ್ರ ಎಂದೂ ಇರದ ತೀರ್ಪನ್ನೂ ಸಂಖ್ಯೆ-ವರ್ಷ ಸಮೇತ ಸೃಷ್ಟಿಸಿ ಕೊಡಬಲ್ಲದು. ಅದು ಕೊಟ್ಟ ಪ್ರತಿಯೊಂದು ತೀರ್ಪೂ ಭಂಡಾರದಲ್ಲಿ ನಿಜವಾಗಿ ಇದೆಯೇ ಎಂದು ನೋಡಲು ಮತ್ತೆ ಬೂಲನ ಬಳಿಗೇ ಬರಬೇಕು.

ಇನ್ನು ಕನ್ನಡದ್ದೇ ತೀರ್ಪುಗಳು. ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ಬರೆದವು, ಮೇಲಿನಿಂದ ಅನುವಾದವಾಗಿ ಬರುತ್ತಿರುವವು ಎರಡೂ ಸೇರಿ ಈ ರಾಶಿ ಬೆಳೆಯುತ್ತಿದೆ. ಇಲ್ಲಿ ನಮ್ಮ ಭಾಷೆಯ ಸ್ವಭಾವವೇ ಒಂದು ಪರೀಕ್ಷೆ. ಇಂಗ್ಲಿಷಿನಲ್ಲಿ ಊರಿನ ಹೆಸರು ಎಲ್ಲಿ ಬಂದರೂ ಒಂದೇ ರೂಪ. ಕನ್ನಡದಲ್ಲಿ ಬೆಳಗಾವಿಯ, ಬೆಳಗಾವಿಗೆ, ಬೆಳಗಾವಿಯಲ್ಲಿ, ಬೆಳಗಾವಿಯಿಂದ. ವಿಭಕ್ತಿಯ ಬಾಲವನ್ನು ಕಳಚಿ ಹುಡುಕುವ ನಕ್ಷತ್ರ ಚಿಹ್ನೆ ಇಂಗ್ಲಿಷಿಗೆ ಒಂದು ಅನುಕೂಲ, ನಮಗೆ ಅನಿವಾರ್ಯ. ಖಾನಾಪುರ, ಖಾನಾಪೂರ ಎಂಬ ಹ್ರಸ್ವ-ದೀರ್ಘದ ಗೊಂದಲ, ಬೆಳಗಾಂವ ಎಂಬ ಹಳೆಯ ರೂಪ ಇವನ್ನೂ ಸೇರಿಸಿಕೊಳ್ಳಿ. ಯೂನಿಕೋಡ್‌ಗೆ ಹಿಂದಿನ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕಡತಗಳು ಕಣ್ಣಿಗೆ ಚೆಂದವಾಗಿ ಕನ್ನಡದಂತೆ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಅವು ಯಾವ ಕೊಂಡಿಗೂ ಸಿಗುವುದಿಲ್ಲ.

ಮತ್ತು ಖಾನಾಪುರದ ಬಹುಪಾಲು ವ್ಯಾಜ್ಯಗಳು ಯಾವ ವರದಿ ಪುಸ್ತಕವನ್ನೂ ಸೇರಿಲ್ಲ. 1852ರ ಇನಾಮ್ ಕಮಿಷನ್ ಕಾಯ್ದೆಯ ಕಾಲದಲ್ಲಿ ಸನದು ತೋರಿಸಲಾಗದ ಮನೆತನಗಳು ಇನಾಮು ಕಳೆದುಕೊಂಡವು. ಆಗಿನ ಕಾಗದಗಳಲ್ಲಿ ಎಷ್ಟೋ ಮೋಡಿ ಲಿಪಿಯವು, ಯಾವ ಯಂತ್ರದ ಹುಡುಕಾಟಕ್ಕೂ ದಕ್ಕದವು. ಇಂಥ ಕಡತಕ್ಕೆ ದಾಖಲೆ ಕೊಠಡಿಗೇ ಹೋಗಬೇಕು. ನಕಲು ಅರ್ಜಿಯಲ್ಲಿ ದಾವೆಯ ಸಂಖ್ಯೆ, ವರ್ಷಗಳ ಜೊತೆ ನ್ಯಾಯಾಲಯದ ಆಗಿನ ಹೆಸರನ್ನೂ ಬರೆಯಿರಿ. 1869ರ ಮುಂಬಯಿ ಕಾಯ್ದೆಯ ಕೆಳಗೆ ಅಲ್ಲಿ ಕುಳಿತವರು ಸಬಾರ್ಡಿನೇಟ್ ಜಡ್ಜ್, 1964ರ ಸಿವಿಲ್ ನ್ಯಾಯಾಲಯಗಳ ಕಾಯ್ದೆಯ ಕೆಳಗೆ ಮುನ್ಸೀಫ್, ಈಗ ಸಿವಿಲ್ ನ್ಯಾಯಾಧೀಶರು. ಮೂರರಲ್ಲಿ ಯಾವುದು ಎಂಬುದು ವರ್ಷ ನೋಡಿದರೆ ತಿಳಿಯುತ್ತದೆ. ವರ್ಷ ತಿಳಿಯದಿದ್ದರೆ ಮನೆಯ ಹಳೆಯ ಉತಾರದಲ್ಲಿ ನಮೂದಾಗಿರುವ ವರ್ದಿಯ ತಾರೀಖಿನಿಂದ ಹಿಂದಕ್ಕೆ ಎಣಿಸುತ್ತ ಹೋಗಿ.